ಗ್ಯಾಸ್ ಮಾತ್ರೆ ಜೊತೆಗೇ ತಗೋತೀನಿ ಅಂದೆಯಲ್ಲ

ಮದ್ದೂರು
ಭಾನುವಾರ

ಪ್ರೀತಿಯ ಸವಿತಾಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದ.

ನಿನ್ನ ಕಾಗದ ಬುಧವಾರ ಸಿಕ್ಕಿತು. ರೂಮಿನ ಬಾಡಿಗೆ, ಓವರ್‌ಟೈಮ್, ಅಮ್ಮನಿಗೆ ಸೀರೆ ತೆಗೆದದ್ದು, ಎಲ್ಲ ಓದಿದೆ. ಅದಕ್ಕೆಲ್ಲ ನಿಮ್ಮ ಚಿಕ್ಕಮ್ಮ ಬೇರೆ ಬರೆಯುತ್ತಾಳಂತೆ. ನನಗೆ ಒಂದೇ ಸಾಲು ಕಣ್ಣ ಮುಂದೆ ನಿಂತುಬಿಟ್ಟಿದೆ. ‘ಬೆಳಿಗ್ಗೆ ಒಂದು ನೋವಿನ ಮಾತ್ರೆ ನುಂಗಿದ್ರೆ ಸಂಜೆವರೆಗೂ ನಿಂತ್ಕೊಂಡು ಕೆಲಸ ಮಾಡಬಹುದು ಚಿಕ್ಕಪ್ಪ. ಗ್ಯಾಸ್ ಮಾತ್ರೆ ಜೊತೆಗೇ ತಗೋತೀನಿ, ಏನೂ ಆಗಲ್ಲ.’

ಫೋನಲ್ಲೇ ಹೇಳೋಣ ಅಂತ ಎರಡು ಸಲ ಫೋನ್ ಕೈಗೆ ತೆಗೆದುಕೊಂಡೆ. ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಷ್ಟು ದಿನದಿಂದ ತಗೋತಿದ್ದೀಯ ಕಂದಾ? ನೀನು ಅದನ್ನು ಬರೆದಿಲ್ಲ. ‘ದಿನಾ’ ಅಂತ ಮಾತ್ರ ಬರೆದಿದ್ದೀಯ.

ನಿಮ್ಮಪ್ಪನ ವಿಷಯ ನಿನಗೆ ಗೊತ್ತಿರುವುದೇ. ಡಯಾಲಿಸಿಸ್‌ಗೆ ಓಡಾಡಿದ ಆ ಎರಡು ವರ್ಷವನ್ನು ಮತ್ತೆ ಬರೆಯುವುದಿಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮಮ್ಮನಿಗೂ ಹೇಳಿಲ್ಲ.

ಆಗ ನಮ್ಮದು ಆಲೆಮನೆ ಇತ್ತಲ್ಲ. ಅಣ್ಣ ಕೊಪ್ಪರಿಗೆ ಮುಂದೆ ಬೆಳಗಿನ ಜಾವದಿಂದ ನಿಲ್ಲುತ್ತಿದ್ದ. ಸೊಂಟ ಹಿಡಿದುಕೊಂಡರೆ ಕೂರೋದಕ್ಕೂ ಆಗುತ್ತಿರಲಿಲ್ಲ, ಏಳೋದಕ್ಕೂ ಆಗುತ್ತಿರಲಿಲ್ಲ. ನಾನು ವಾರಕ್ಕೊಮ್ಮೆ ಮಂಡ್ಯದ ಮಂಡಿಗೆ ಬೆಲ್ಲ ಹಾಕೋದಕ್ಕೆ ಹೋಗುತ್ತಿದ್ದೆ. ಬರುವಾಗ ಅವನಿಗೆ ನೋವಿನ ಮಾತ್ರೆ ತರುತ್ತಿದ್ದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳುತ್ತಿರಲಿಲ್ಲ. ಹಳೇ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕು, ಹೊಸದು ಕೊಡುತ್ತಿದ್ದರು. ಅದರ ಮೇಲೆ ಕೆಂಪು ಗೆರೆ ಇತ್ತು. ಅದು ಕಂಪನಿಯವರ ಗುರುತು ಅಂದುಕೊಂಡಿದ್ದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನೋದಕ್ಕೆ ಹಾಕಿರುವ ಗೆರೆ ಅದು. ಹೀಗೆ ಆರು ವರ್ಷ ತಂದುಕೊಟ್ಟೆ ಸವಿತಾ. ಅಣ್ಣನಿಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ತರುತ್ತಿದ್ದೆ.

ನೀನು ತಗೊಳ್ಳುವ ಸ್ಟ್ರಿಪ್ಪಿನ ಮೇಲೂ ಆ ಗೆರೆ ಇದೆಯಾ, ನೋಡು. ಕತ್ತರಿಸಿ ಕೊಟ್ಟ ತುಂಡಾದರೆ ಎಷ್ಟೋ ಸಲ ಗೆರೆಯೂ ಇರುವುದಿಲ್ಲ, ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿ ತಾರೀಖೂ ಇರುವುದಿಲ್ಲ. ಆಗ ಏನು ನುಂಗುತ್ತಿದ್ದೀಯ ಅಂತ ನಿನಗೇ ಗೊತ್ತಾಗುವುದಿಲ್ಲ.

ಗ್ಯಾಸ್ ಮಾತ್ರೆ ಅಂದೆಯಲ್ಲ, ಅಣ್ಣನೂ ಹಾಗೇ ಅನ್ನುತ್ತಿದ್ದ. ಅದು ಕಾಯುವುದು ಹೊಟ್ಟೆಯನ್ನು. ಕಿಡ್ನಿಯನ್ನಲ್ಲ. ಇದನ್ನು ನನಗೆ ಹೇಳಿದ್ದು ಡಯಾಲಿಸಿಸ್ ಮಾಡುವ ಕಡೆ ಇದ್ದ ಡಾಕ್ಟರು. ಡಿಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ಈ ಜಾತಿಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವಂತೆ. ನನಗೆ ನಮ್ಮ ಗದ್ದೆ ನೆನಪಾಯಿತು. ನಾವಿರುವುದು ನಾಲೆಯ ಕೊನೆಯಲ್ಲಿ. ಮೇಲೆ ತೂಬು ಇಳಿಸಿದರೆ ನಾಲೆಯಲ್ಲಿ ನೀರಿದ್ದರೂ ನಮ್ಮ ಪೈರಿಗೆ ಬರುವುದಿಲ್ಲ. ಒಂದೆರಡು ದಿನವಾದರೆ ಪೈರು ಚೇತರಿಸಿಕೊಳ್ಳುತ್ತದೆ. ದಿನಾ ಹಾಗೇ ಮಾಡಿದರೆ? ಪೈರಾದರೆ ಬಾಡಿದ್ದು ಕಣ್ಣಿಗೆ ಕಾಣುತ್ತದೆ. ಕಿಡ್ನಿ ಮುಕ್ಕಾಲು ಹಾಳಾಗುವವರೆಗೂ ಏನೂ ತೋರಿಸಿಕೊಳ್ಳದೆ ಇರಬಹುದಂತೆ. ‘ಏನೂ ಆಗಲ್ಲ’ ಅಂತ ನೀನು ಬರೆದದ್ದು ಅದಕ್ಕೇ ನನ್ನ ನಿದ್ದೆ ಕೆಡಿಸಿದ್ದು.

ಮಾತ್ರೆಯಿಂದಲೇ ಅಣ್ಣ ಹೋದ ಅಂತ ನಾನು ಹೇಳಲಾರೆ. ಬಿಪಿ ಇತ್ತು. ಒಲೆ ಮುಂದೆ ಬೆವರು ಸುರಿಸಿ ನೀರು ಸರಿಯಾಗಿ ಕುಡಿಯದೆ ದುಡಿದದ್ದೂ ಇತ್ತು. ಬಿಪಿ ಮಾತ್ರೆಯನ್ನೂ ನುಂಗುತ್ತಿದ್ದ, ಇದನ್ನೂ ನುಂಗುತ್ತಿದ್ದ. ನೋವಿನ ಮಾತ್ರೆ ಬಿಪಿಯನ್ನು ಏರಿಸುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದೆ ಮಾಡಿದ್ದನ್ನು ಹೇಗೋ ನುಂಗಿಕೊಳ್ಳಬಹುದು. ಇನ್ನೊಂದನ್ನು ಆಗುತ್ತಿಲ್ಲ. ಕಾಲು ಊದಿಕೊಂಡಾಗ ಮೊದಲು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಕೇಳಿದ್ದೇ ‘ನೋವಿನ ಮಾತ್ರೆ ಏನಾದರೂ ತಗೋತಾರಾ?’ ಅಂತ. ಅಣ್ಣ ನನ್ನ ಮುಖ ನೋಡಿದ. ಬೈತಾರೆ ಅನ್ನೋ ಹೆದರಿಕೆಗೆ ನಾನು, ‘ಯಾವಾಗಲೋ ಒಂದೊಂದು ಸರ್’ ಅಂದುಬಿಟ್ಟೆ. ಅವರು ತಲೆಯಾಡಿಸಿ ಬೇರೆ ಏನೋ ಬರೆದರು. ಆಮೇಲೂ ನಾಲ್ಕು ತಿಂಗಳು ನಾನು ಮಂಡ್ಯದಿಂದ ಮಾತ್ರೆ ತಂದೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ. ಸುಮ್ನೆ ಇರೋದಕ್ಕೂ ಆಗುತ್ತಿಲ್ಲ.

ನೀನು ನೀರು ಕುಡಿಯುತ್ತೀಯಾ? ಟಾಯ್ಲೆಟ್ಟಿಗೆ ಹೋಗಬೇಕಾಗುತ್ತೆ ಅಂತ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ನೀರೇ ಕುಡಿಯಲ್ಲ ಅಂತ ಚಿಕ್ಕಮ್ಮ ಹೇಳಿದಳು. ಒಣಗಿದ ಮೈಗೆ ಈ ಮಾತ್ರೆ ಇನ್ನೂ ಜಾಸ್ತಿ ಕೆಟ್ಟದ್ದು. ಜ್ವರ ಬಂದಾಗ ಇದರ ಮೇಲೆ ಪ್ಯಾರಸಿಟಮಾಲ್ ಬೇರೆ ನುಂಗಬೇಡ. ಎಷ್ಟೋ ನೋವಿನ ಮಾತ್ರೆಗಳಲ್ಲಿ ಅದನ್ನೂ ಬೆರೆಸಿರುತ್ತಾರೆ. ಗೊತ್ತಿಲ್ಲದೆ ಎರಡರಷ್ಟಾಗುತ್ತದೆ, ಜಾಸ್ತಿಯಾದರೆ ಲಿವರ್‌ಗೆ ಹೊಡೆತ.

ನಿನ್ನ ಜೊತೆಯವರ ಬ್ಯಾಗಲ್ಲೂ ಇದೇ ಮಾತ್ರೆ ಇದೆ, ಒಬ್ಬರಿಗೊಬ್ಬರು ಕೊಡುತ್ತೇವೆ ಅಂತ ಬರೆದಿದ್ದೀಯ. ಒಳ್ಳೇ ಮನಸ್ಸಿನಿಂದಲೇ ಕೊಡುತ್ತೀಯ, ನನಗೆ ಗೊತ್ತು. ನಾನೂ ಹಾಗೇ ಕೊಟ್ಟವನು. ಅವರಲ್ಲಿ ಯಾರಿಗೆ ಬಿಪಿ ಇದೆಯೋ, ಯಾರಿಗೆ ಅಸ್ತಮಾ ಇದೆಯೋ, ಯಾರು ಬಸುರಿಯೋ ನಿನಗೆ ಹೇಗೆ ಗೊತ್ತಾಗಬೇಕು? ಐದು ತಿಂಗಳು ತುಂಬಿದ ಮೇಲೆ ಇದು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೂ ತೊಂದರೆ ಮಾಡಬಹುದು. ನಿನ್ನ ಕೈಯಿಂದ ಇನ್ನೊಬ್ಬರಿಗೆ ಹೋಗುವುದು ಬೇಡಮ್ಮ.

ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇಡೀ ದಿನ ನಿಂತರೆ ನೋಯದೆ ಇರುತ್ತಾ? ಅದಕ್ಕೆ ಕಾರಣ ಏನು ಅಂತ ಯಾರಾದರೂ ಒಂದು ಸಲ ನೋಡಲಿ. ನಿನ್ನ ಸಂಬಳದಲ್ಲಿ ಇಎಸ್‌ಐ ವಿಮೆಗೆ ಅಂತ ಹಿಡಿಯುತ್ತಾರಲ್ಲ, ಅವರ ಆಸ್ಪತ್ರೆಯಲ್ಲಿ ತೋರಿಸುವುದಕ್ಕೆ, ಔಷಧಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ಬಿಪಿ ನೋಡಿಸು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡೋದಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ ಅಂತ ಒಂದು ಟೆಸ್ಟ್ ಇದೆ, ಮೂತ್ರದ ಟೆಸ್ಟೂ ಇದೆ. ಅದೇನೂ ದೊಡ್ಡ ಪರೀಕ್ಷೆ ಅಲ್ಲ.

ಗುರುವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ಅರ್ಧ ದಿನ ರಜೆ ಕೇಳು. ಸಂಬಳ ಹಿಡಿದರೆ ಹಿಡಿಯಲಿ, ನಾನು ಕೊಡುತ್ತೇನೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ, ಒಂದು ಕವರಿನಲ್ಲಿ ಹಾಕಿಡು. ಡಾಕ್ಟರು ಎಷ್ಟು ದಿನದಿಂದ ಅಂತ ಕೇಳುತ್ತಾರೆ. ಸರಿಯಾದ ಲೆಕ್ಕ ಹೇಳು. ನಿನಗೆ ಹೆದರಿಕೆಯಾದರೆ ನನ್ನ ಮುಖ ನೋಡು, ಈ ಸಲ ನಾನು ಹೇಳುತ್ತೇನೆ.

ಇಂತಿ,
ನಿನ್ನ ಚಿಕ್ಕಪ್ಪ