ಇಂಜಿನ್ ಇಲ್ಲದ ಗಾಡಿಗೆ ಇಂಜಿನ್ ರಿಪೇರಿ: ಒಂದು ದೂರು

ಸುಂಟಿಕೊಪ್ಪ, ಕೊಡಗು
22 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಮೈಸೂರು ವರ್ಕ್‌ಶಾಪ್

ವಿಷಯ: ಹಳೆಯ ಕ್ಯಾರವಾನ್ ರಿಪೇರಿ, ಸೋರುವ ಛಾವಣಿ ಮತ್ತು ನಿಮ್ಮ ಎಸ್‌ಎಂಎಸ್

ಮಾನ್ಯರೇ,

ಮೊನ್ನೆ 17ನೇ ತಾರೀಕು ತೀರ್ಥೋದ್ಭವಕ್ಕೆಂದು ತಲಕಾವೇರಿಗೆ ಹೊರಟಿದ್ದೆ. ಭಾಗಮಂಡಲದ ಹತ್ತಿರ ಫೋನ್ ಸದ್ದು ಮಾಡಿತು. ನಿಮ್ಮ ಎಸ್‌ಎಂಎಸ್. 'ಪ್ರಿಯ ಗ್ರಾಹಕರೇ, ನಿಮ್ಮ ವಾಹನದ ಇಂಜಿನ್ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ನಮಗೆ 5 ಸ್ಟಾರ್ ನೀಡಿ.'

ನನ್ನದು ಕ್ಯಾರವಾನ್. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಅದಕ್ಕೆ ಇಂಜಿನ್ ಇಲ್ಲ. ಯಾವತ್ತೂ ಇರಲಿಲ್ಲ. ಇಲ್ಲದ ಇಂಜಿನ್ ಸರಿಮಾಡಿದ್ದೀರಿ, ಇರುವ ಛಾವಣಿಯನ್ನು ಸೋರಲು ಬಿಟ್ಟಿದ್ದೀರಿ. ಅಲ್ಲಿಯವರೆಗೆ ಫೋನಿನಲ್ಲೇ ಮುಗಿಸಿಕೊಳ್ಳೋಣ ಅಂತಿದ್ದೆ. ಹನ್ನೆರಡು ಸಲ ಫೋನ್ ಮಾಡಿದ್ದೇನೆ, ಒಂದು ಸಲವೂ ದನಿ ಏರಿಸಿಲ್ಲ. ನಿಮ್ಮ ಹುಡುಗಿಯರು ಪಾಪ, ಅವರದ್ದೇನು ತಪ್ಪಿಲ್ಲ.

ಗಾಡಿಯ ಕಥೆ ನಿಮ್ಮ ಫೈಲಿನಲ್ಲಿದೆ. ಆದರೂ ಹೇಳುತ್ತೇನೆ, ಫೈಲನ್ನು ಯಾರೂ ಓದಿಲ್ಲ ಅಂತ ಈಗ ಗೊತ್ತಾಗಿದೆಯಲ್ಲ. ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಪ್ಲಾಂಟರ್ ಕೈಯಿಂದ ನನ್ನ ತಂದೆ ಇದನ್ನು ತಗೊಂಡರು. ಒಳಗೆ ಮರದ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು. ಇಂಥ ಗಾಡಿಗೆ ಶತ್ರು ಒಂದೇ, ನೀರು. ತಗಡಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗೆ ಮರ ಸದ್ದಿಲ್ಲದೆ ಕೊಳೆಯುತ್ತದೆ. ತಂದೆ ಪ್ರತಿ ಬೇಸಿಗೆ ಮಾಡಿನ ಮೇಲೆ ಹತ್ತಿ ಜೋಡಣೆಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕೊಳೆತ ಒಂದು ಅಡ್ಡಪಟ್ಟಿ ತೆಗೆದು ನಮ್ಮದೇ ತೋಟದ ಹಲಸಿನ ಮರ ಕೊಯ್ದು ಹಾಕಿದ್ದರು. ಅದು ಈಗಲೂ ಗಟ್ಟಿಯಿದೆ. 2018ರ ಆಗಸ್ಟಿನಲ್ಲಿ ಮನೆ ಹಿಂದಿನ ಗುಡ್ಡದ ಬರೆ ಕುಸಿದಾಗ ನಾವು ಆರು ರಾತ್ರಿ ಇದರೊಳಗೇ ಮಲಗಿದ್ದೆವು. ಬಲ ಮೂಲೆಗೆ ಒಂದು ಬಕೆಟ್ ಇಟ್ಟರೆ ಸಾಕಿತ್ತು.

ಆ ಒಂದು ಬಕೆಟ್ ತಪ್ಪಿಸೋಣ ಅಂತ ನಿಮ್ಮ ಹತ್ತಿರ ಬಂದೆ. 3,42,000 ರೂಪಾಯಿ ಕೊಟ್ಟೆ. ಈಗ ನಾಲ್ಕು ಬಕೆಟ್ ಮತ್ತು ಒಂದು ಚರಿಗೆ ಬೇಕಾಗುತ್ತದೆ.

ಎಸ್ಟಿಮೇಟಿನಲ್ಲಿ ಬರೆದದ್ದು ನಿಮಗೇ ಗೊತ್ತು. ನೆಲಕ್ಕೆ ನೀರಿಗೆ ಜಗ್ಗದ ಐಎಸ್ 710 ಮೆರೈನ್ ಪ್ಲೈವುಡ್, ಜೋಡಣೆಗಳ ಅಡಿಗೆ ನೀರು ತಡೆಯುವ ಬ್ಯುಟೈಲ್ ಟೇಪ್, ತಗಡಿಗೆ ಅಲ್ಯೂಮಿನಿಯಂ ರಿವೆಟ್, ಚಕ್ರದ ಬೇರಿಂಗಿಗೆ ಹೊಸ ಗ್ರೀಸ್, ಎರಡು ಹೊಸ ಟಯರ್. ಮೇ 24ರಂದು ಗಾಡಿ ಕೈಗೆ ಸಿಕ್ಕಿತು. ಬಾಗಿಲು ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. 'ಇದರೊಳಗೆ ಯಾರು ಕಾಚಂಪುಳಿ ಚೆಲ್ಲಿದ್ದು?' ಅಂದಳು ನನ್ನ ಹೆಂಡತಿ. ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಅಲ್ಲ ಅದು, ಬಿರುಕು ಮುಚ್ಚಲು ಬಳಿಯುವ ಸಿಲಿಕಾನ್ ಅಂಟು. ಹಳೆಯದನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ ಬಳಿದಿದ್ದೀರಿ, ಮಕ್ಕಳು ಬ್ರೆಡ್ಡಿಗೆ ಜಾಮ್ ಹಚ್ಚಿದ ಹಾಗೆ. ಹುಳಿ ವಾಸನೆಯ ಆ ಜಾತಿ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಲೋಹವನ್ನು ತಿನ್ನುತ್ತದೆ. ಹಳೆ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಕಚ್ಚುವುದೂ ಇಲ್ಲ. ಬ್ಯುಟೈಲ್ ಟೇಪ್ ಹುಡುಕಿದೆ. ಅದು ಬಿಲ್ಲಿನಲ್ಲಿ ಮಾತ್ರ ಅಂಟಿಕೊಂಡಿದೆ.

ರಿವೆಟ್ ಇರಬೇಕಾದಲ್ಲಿ ಕಬ್ಬಿಣದ ಸ್ಕ್ರೂ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂಗಳ ಸುತ್ತ ಈಗಲೇ ಸುಣ್ಣದ ಹಾಗೆ ಬಿಳಿ ಪುಡಿ ಕಟ್ಟಿದೆ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ಪ್ಲೈವುಡ್ಡಿನ ಮುದ್ರೆ ಓದಿದೆ. ಐಎಸ್ 303. ಅದು ಮೆರೈನ್ ಅಲ್ಲ, ಮನೆಯೊಳಗಿನ ಬೀರುವಿಗೆ ಹಾಕುವ ಸಾಮಾನ್ಯ ಪ್ಲೈವುಡ್. ಮುದ್ರೆ ಅಳಿಸುವ ಕಷ್ಟವನ್ನೂ ನಿಮ್ಮವರು ತಗೊಂಡಿಲ್ಲ. ಹೊಸ ಟಯರಿನ ಮೇಲೆ 3217 ಅಂತಿದೆ. ಅಂದರೆ 2017ನೇ ಇಸವಿಯ 32ನೇ ವಾರ. ಓಡದೆ ನಿಂತರೂ ಟಯರಿಗೆ ವಯಸ್ಸಾಗುತ್ತದೆ ಸ್ವಾಮಿ, ನಮ್ಮ ಹಾಗೆ.

ಇನ್ನು ಬೇರಿಂಗ್. ನಿಮ್ಮಲ್ಲಿ ಗಾಡಿ ಬಿಡುವ ಮೊದಲು ಎರಡೂ ಗ್ರೀಸ್ ಮುಚ್ಚಳದ ಅಂಚಿನಲ್ಲಿ ಹೆಂಡತಿಯ ನೇಲ್ ಪಾಲಿಶಿನಿಂದ ಒಂದೊಂದು ಗೆರೆ ಎಳೆದಿದ್ದೆ. ಅನುಮಾನದಿಂದಲ್ಲ, ತಂದೆ ಕಲಿಸಿದ ಅಭ್ಯಾಸ. ಮುಚ್ಚಳ ತೆಗೆದರೆ ಗೆರೆ ಒಡೆಯುತ್ತದೆ. ಒಡೆದಿಲ್ಲ. ಗ್ರೀಸಿಗೆ ಅಂತ ಕೊಟ್ಟ 1,800 ರೂಪಾಯಿ ಮಾತ್ರ ಒಡೆದಿದೆ.

ಜೂನ್ 12ಕ್ಕೆ ಮೊದಲ ಸೋರಿಕೆ. ಅವತ್ತೇ ಫೋನ್ ಮಾಡಿದೆ, ದೂರು ನಂಬರ್ ಕೊಟ್ಟಿರಿ. 'ಮಳೆಯಲ್ಲಿ ಸೀಲಿಂಗ್ ಕೆಲಸ ಆಗಲ್ಲ ಸಾರ್, ಮಳೆಗಾಲ ಮುಗಿಸಿ ತನ್ನಿ' ಅಂದರು. ನ್ಯಾಯವಾದ ಮಾತು. ಒಪ್ಪಿದೆ. ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬ ಮುಗಿಸಿ, ಮಳೆ ಸ್ವಲ್ಪ ಬಿಟ್ಟ ಮೇಲೆ, ಸೆಪ್ಟೆಂಬರ್ 8ರ ಸೋಮವಾರ ಹೊರಟೆ.

ಆ ದಿನದ್ದು ವಿವರವಾಗಿ ಹೇಳಲೇಬೇಕು. ನಾನೂ ಹೆಂಡತಿಯೂ ಬೆಳಿಗ್ಗೆ 5ಕ್ಕೆ ಬಿಟ್ಟೆವು. ಆ ಟಯರಿನ ಮೇಲೆ ನಂಬಿಕೆಯಿಲ್ಲದೆ ಗಂಟೆಗೆ 30ರಲ್ಲೇ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಬಂದೆ. 9:40ಕ್ಕೆ ನಿಮ್ಮ ಗೇಟು. 'ಲಾರಿ ಗೇಟಿಗೆ ಹೋಗಿ' ಅಂದರು. ಲಾರಿ ಗೇಟಿನವನು 'ಕಾರ್ ಗೇಟಿಗೆ ಹೋಗಿ' ಅಂದ. ಕ್ಯಾರವಾನ್ ಕಟ್ಟಿಕೊಂಡು ರಿವರ್ಸ್ ತೆಗೆಯುವುದು ಏನು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯಾ? ಎರಡು ಸಲ ತೆಗೆದೆ. ಟೋಕನ್ 14. ಕೂರಲು ಕಾಲು ಮುರಿದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಎಲ್ಲರಿಗೂ ಟೀ ಬಂತು, ನಮ್ಮಿಬ್ಬರ ಹತ್ತಿರ ಬರುವಾಗ ಟ್ರೇ ಖಾಲಿ. 11:20ಕ್ಕೆ ಕೌಂಟರ್. ಇಪ್ಪತ್ತೆರಡು ವರ್ಷದ ಹುಡುಗ, ಕುತ್ತಿಗೆಗೆ ನಿಮ್ಮ ಕಂಪನಿಯ ಟ್ಯಾಗ್.

'ಇಂಜಿನ್ ನಂಬರ್ ಹೇಳಿ ಅಂಕಲ್.'

'ಇಂಜಿನ್ ಇಲ್ಲಪ್ಪ.'

'ಆರ್‌ಸಿಯಲ್ಲಿ ಇರುತ್ತೆ, ನೋಡಿ.'

'ಆರ್‌ಸಿಯಲ್ಲೂ ಇಲ್ಲ. ಇದು ಟ್ರೇಲರ್.'

'ಇಂಜಿನ್ ಇಲ್ದೆ ಕೊಡಗಿಂದ ಹೇಗೆ ಬಂತು?'

'ಜೀಪು ಎಳ್ಕೊಂಡು ಬಂತು ಮಾರಾಯ.'

'ಹಾಗಾದ್ರೆ ಜೀಪಿಂದೇ ಹೇಳಿ. ನಂಬರ್ ಹಾಕ್ದೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ.'

ಹಿಂದೆ ನಿಂತಿದ್ದ ಟೋಕನ್ 15 ಜೋರಾಗಿ ನಕ್ಕರು. ಜೀಪಿನ ನಂಬರ್ ಹೇಳಿದೆ. ಆಮೇಲೆ ದೂರಿನ ಬಗೆ. ಅವನ ಪಟ್ಟಿಯಲ್ಲಿ ಇಂಜಿನ್, ಬ್ರೇಕ್, ಏಸಿ, ಮ್ಯೂಸಿಕ್ ಸಿಸ್ಟಮ್ ಇದ್ದವು. ಸೋರಿಕೆ ಇರಲಿಲ್ಲ. 'ಸುಮ್ನೆ ಇಂಜಿನ್ ಅಂತ ಹಾಕ್ತೀನಿ ಅಂಕಲ್, ಬೇಗ ಅಟೆಂಡ್ ಮಾಡ್ತಾರೆ' ಅಂದ. ಅವನ ಮಟ್ಟಿಗೆ ಅದು ಸಹಾಯವೇ. ಹಾಗೆ ಹುಟ್ಟಿದ್ದು ನಿಮ್ಮ ಇಂಜಿನ್ ದೂರು.

ಆಮೇಲೆ ಸೂಪರ್‌ವೈಸರ್ ಬಂದರು. ಗಾಡಿ ಹತ್ತಿರ ಬರಲಿಲ್ಲ. ಗಾಜಿನ ಬಾಗಿಲಿನಿಂದಲೇ ನೋಡಿ, '90 ದಿನ ಆಗೋಯ್ತಲ್ಲ ಸಾರ್, ಆಗಸ್ಟ್ 22ಕ್ಕೇ ವಾರಂಟಿ ಮುಗೀತು' ಅಂದರು. ಮಳೆಗಾಲ ಮುಗಿಸಿ ಬನ್ನಿ ಅಂದವರು ನೀವೇ ಅಲ್ವಾ ಅಂದೆ. 'ಅಷ್ಟು ಮಳೆಗೆ ಹೊರಗೆ ಇಡಬಾರದಿತ್ತು. ನಿಮ್ಮೂರ ಮಳೆ ನೈಸರ್ಗಿಕ ವಿಕೋಪದಲ್ಲಿ ಬರುತ್ತೆ, ಅದಕ್ಕೆ ಕವರ್ ಇಲ್ಲ.' ಕೊನೆಗೆ, ನನ್ನ ಹೆಂಡತಿಯ ಎದುರಿಗೇ, 'ಗುಜರಿಗೆ ಕೊಟ್ಬಿಡಿ ಸಾರ್. ಅಲ್ಯೂಮಿನಿಯಂಗೆ ಈಗ ಒಳ್ಳೆ ರೇಟಿದೆ.' ಅವಳು ಏನೂ ಅನ್ನಲಿಲ್ಲ. ಹುಣಸೂರು ದಾಟುವವರೆಗೂ ಮಾತಾಡಲಿಲ್ಲ. ಆ ಆರು ರಾತ್ರಿ ಮೊಮ್ಮಗುವನ್ನು ಅದರೊಳಗೆ ಮಲಗಿಸಿ ಪಕ್ಕದಲ್ಲಿ ಎದ್ದು ಕೂತಿದ್ದವಳು ಅವಳು.

ವಿಕೋಪ ಅಂದರೆ ಏನು ಅಂತ 2018 ನಮಗೆ ತೋರಿಸಿದೆ. ಅದನ್ನು ನಿಮ್ಮಿಂದ ಕಲಿಯಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಬಂದರೆ ಅದು ವಿಕೋಪ ಅಲ್ಲ, ಅದು ಜೂನ್. ಇಲ್ಲಿ ತೋಟದವರು ಮಳೆಯನ್ನು ಇಂಚಿನಲ್ಲಿ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ನನ್ನ ಡೈರಿಯೂ ಇದೆ, ಬೇಕಾದರೆ ತರುತ್ತೇನೆ. ಇನ್ನು ಕ್ಯಾರವಾನನ್ನು ಮಳೆಗೆ ಇಡಬಾರದು ಅನ್ನುವ ಮಾತು. ಊರೂರು ಸುತ್ತುವ ಸಂತೋಷಕ್ಕೆಂದೇ ಇಂಗ್ಲೆಂಡಿನಲ್ಲಿ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಅನ್ನುವವರು 1885ರಲ್ಲಿ 'ವಾಂಡರರ್' ಅಂತ ಒಂದು ಕ್ಯಾರವಾನ್ ಕಟ್ಟಿಸಿದರು. ಅದರಲ್ಲೇ ಸ್ಕಾಟ್ಲೆಂಡಿನವರೆಗೂ ಹೋದರು. ಆ ದೇಶದ ಮಳೆ ನಿಮ್ಮ ಸೂಪರ್‌ವೈಸರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಎಳೆದದ್ದು ಎರಡು ಕುದುರೆ. ಅದನ್ನು ನಿಮ್ಮ ಕೌಂಟರಿಗೆ ತಂದಿದ್ದರೆ ಯಾವ ಕುದುರೆಯ ಇಂಜಿನ್ ನಂಬರ್ ಕೇಳುತ್ತಿದ್ದಿರಿ?

ನಿಮ್ಮ ನಿಯಮ ನಿಮಗೆ ನೆನಪಿಸಬೇಕಾಗಿ ಬಂದದ್ದಕ್ಕೆ ಬೇಸರ. ಜಾಬ್ ಕಾರ್ಡಿನ ಹಿಂಬದಿಯ 7ನೇ ಷರತ್ತು: ದೂರು ದಾಖಲಾದ ದಿನದಿಂದ ಅದು ಬಗೆಹರಿಯುವವರೆಗೆ ವಾರಂಟಿ ದಿನಗಳು ಎಣಿಕೆಗೆ ಬರುವುದಿಲ್ಲ. ನನ್ನ ದೂರು ದಾಖಲಾದದ್ದು 19ನೇ ದಿನ. 71 ದಿನ ಇನ್ನೂ ಬಾಕಿ ಇದೆ.

ನನಗೆ ಬೇಕಾದದ್ದು ಇಷ್ಟೇ. ಸಿಲಿಕಾನ್ ಪೂರ್ತಿ ಕೆರೆದು ತೆಗೆದು, ಎಸ್ಟಿಮೇಟಿನಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಮಾಡಿಕೊಡಿ. ಇಲ್ಲಾ ಹಣ ವಾಪಸ್ ಕೊಡಿ, ನಾನೇ ಮಾಡಿಕೊಳ್ಳುತ್ತೇನೆ. ಹಲಸಿನ ಮರ ಇನ್ನೂ ಇದೆ. 15 ದಿನ ಕಾಯುತ್ತೇನೆ.

ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮೈಸೂರಿಗೆ ಬರಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರೇ ಬೇಕು ಅಂತಿಲ್ಲ. ಎರಡು ವರ್ಷದ ಅವಕಾಶ ಇದೆ. ಕಾಫಿ ಕೊಯ್ಲು ಮುಗಿದರೆ ನನಗೂ ಬೇರೆ ಕೆಲಸವಿಲ್ಲ. ಟಯರಿನ ನಂಬರ್, ಪ್ಲೈವುಡ್ಡಿನ ಮುದ್ರೆ, ಒಡೆಯದ ನೇಲ್ ಪಾಲಿಶ್, ಎಲ್ಲದರ ಫೋಟೋ ಇದರ ಜೊತೆಗಿದೆ.

ಅದಕ್ಕೂ ಮೊದಲು ಇನ್ನೊಂದು ಮಾಡುವವನಿದ್ದೇನೆ. 16ನೇ ದಿನ ಬೆಳಿಗ್ಗೆ ಕ್ಯಾರವಾನ್ ತಂದು ನಿಮ್ಮ ಕಾರ್ ಗೇಟು ಮತ್ತು ಲಾರಿ ಗೇಟಿನ ನಡುವೆ ನಿಲ್ಲಿಸಿ, ಕೊಕ್ಕೆ ಬಿಚ್ಚಿ, ಜೀಪನ್ನು ಮನೆಗೆ ಕಳಿಸುತ್ತೇನೆ. ನಾಲ್ಕೂ ಬಕೆಟನ್ನು ಹೊರಗೆ ಸಾಲಾಗಿ ಇಟ್ಟು ನಾನು ಒಳಗೆ ಕೂತಿರುತ್ತೇನೆ. ಗಾಡಿ ತೆಗೆಸಬೇಕು ಅನ್ನಿಸಿದರೆ ಆ ಹುಡುಗನನ್ನೇ ಕಳಿಸಿ. ಸ್ಟಾರ್ಟ್ ಮಾಡಿ ನೋಡಲಿ.

ಇಂತಿ,
ಟೋಕನ್ ನಂಬರ್ 14