ಮಾಲೀಕರ ಸೊಸೆ ಸಾಕಾಗುವುದಿಲ್ಲ, ಸಚಿವರೇ

ಕೇಂದ್ರದ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೆ ನಮಸ್ಕಾರ.

ಮೇಡಂ, ನೀವು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇರುತ್ತಾರೆ, ಅಲ್ವಾ?

ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಕಾಮರ್ಸ್ ಹೇಳಿಕೊಡುತ್ತೇನೆ. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ನಿಮಗೆ ವಿವರಿಸಬೇಕಿಲ್ಲ. ಲಿಸ್ಟೆಡ್ ಕಂಪನಿಯ, ಅಂದರೆ ಷೇರುಪೇಟೆಯಲ್ಲಿರುವ ಕಂಪನಿಯ ಬೋರ್ಡಿನಲ್ಲಿ (ನಿರ್ದೇಶಕರ ಮಂಡಳಿಯಲ್ಲಿ) ಒಬ್ಬ ಮಹಿಳೆಯಾದರೂ ಇರಬೇಕು. ಆಕೆ ಮಾಲೀಕರ ಹೆಂಡತಿಯೋ ಸೊಸೆಯೋ ಆದರೂ ನಡೆಯುತ್ತದೆ. ಮಾಲೀಕರ ಜೊತೆ ಸಂಬಂಧವಿಲ್ಲದ ಸ್ವತಂತ್ರ ನಿರ್ದೇಶಕಿಯೇ ಬೇಕು ಅನ್ನುವ, ಷೇರುಪೇಟೆ ನೋಡಿಕೊಳ್ಳುವ ಸೆಬಿಯ ನಿಯಮ ದೊಡ್ಡ 1000 ಲಿಸ್ಟೆಡ್ ಕಂಪನಿಗಳಿಗೆ ಮಾತ್ರ. ಪರಿಸರದ ಲೆಕ್ಕ ಕೊಡುವ ಬಿಆರ್‌ಎಸ್‌ಆರ್ ವರದಿಯ ಕಡ್ಡಾಯವೂ ಅಷ್ಟಕ್ಕೇ. ನಮ್ಮ ಓಣಿ ಹಿಂದಿನ ಕಾರ್ಖಾನೆಯ ಕಂಪನಿ ಆ ಪಟ್ಟಿಯಲ್ಲಿಲ್ಲ.

ನಮ್ಮ ಮನೆ ಇಂಡಸ್ಟ್ರಿಯಲ್ ಏರಿಯಾದ ಬದಿಗೇ ಇದೆ. ಮಲಪ್ರಭಾ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಉಳಿದ ದಿನ ಬೋರ್‌ವೆಲ್ಲೇ ಗತಿ. ರಾತ್ರಿ ಕೊಡದಲ್ಲಿ ಹಿಡಿದಿಟ್ಟ ನೀರಿನ ಮೇಲೆ ಬೆಳಿಗ್ಗೆ ಎಣ್ಣೆಯ ಪದರ. ಅದೇ ನೀರಿನ ಎಸರಲ್ಲಿ ಜೋಳದ ಹಿಟ್ಟು ನಾದಿದರೆ ಸೀಮೆಎಣ್ಣೆ ವಾಸನೆ. ಮಗಳ ಬಿಳಿ ಯೂನಿಫಾರ್ಮ್ ಹಳದಿಯಾಗಿದೆ. ಅತ್ತೆಯವರ ಮುಂಗೈ ಕೆರೆದು ಕೆರೆದು ಗಾಯ.

ಒಂದು ದಿನ ಓಣಿಯ ಹೆಂಗಸರೆಲ್ಲ ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಾರ್ಖಾನೆ ಗೇಟಿಗೆ ಹೋದೆವು. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ಕೊನೆಗೆ ಬಂದ ಮ್ಯಾನೇಜರ್ ಬಾಟಲಿ ಕಡೆ ನೋಡಲೂ ಇಲ್ಲ. "ಮನ್ಯಾಗಿನ ಗಂಡಸರನ್ನ ಕಳಸ್ರಿ, ಅವರ ಕೂಡ ಮಾತಾಡ್ತೇವಿ" ಎಂದರು. ನೀರು ಹಿಡಿಯುವವರು ನಾವು, ಕಾಯಿಸುವವರು ನಾವು, ಒಗೆಯುವವರು ನಾವು. ಮಾತಾಡಲು ಮಾತ್ರ ಗಂಡಸರು ಬೇಕಂತೆ!

ಮನೆಗೆ ಬಂದು ಆ ಕಂಪನಿಯ ವಾರ್ಷಿಕ ವರದಿ ತೆಗೆದೆ. ಸಸಿ ನೆಡುವ ದೊಡ್ಡ ಫೋಟೋ. ಕೊಳಕು ನೀರು ಎಲ್ಲಿ ಹೋಗುತ್ತದೆ ಅಂತ ಒಂದು ಸಾಲೂ ಇಲ್ಲ. ಬೋರ್ಡಿನಲ್ಲಿ ಒಬ್ಬರೇ ಮಹಿಳೆ, ಚೇರ್ಮನ್ನರ ಸೊಸೆ. ಕಾನೂನು ಪಾಲನೆ ನೂರಕ್ಕೆ ನೂರು. ಭೇಷ್!

ಮಾಲಿನ್ಯ ಮಂಡಳಿ ನಿಮ್ಮದಲ್ಲ, ಗೊತ್ತು. ಅಲ್ಲಿಗೂ ಅರ್ಜಿ ಕೊಟ್ಟಾಗಿದೆ. ಕಂಪನಿ ಕಾಯ್ದೆ ನಿಮ್ಮದೇ. ಎಲ್ಲ ಲಿಸ್ಟೆಡ್ ಕಂಪನಿಗಳ ಬೋರ್ಡಿನಲ್ಲೂ ಮೂವರು ಮಹಿಳೆಯರು ಬೇಕು, ಮೂವರೂ ಮಾಲೀಕರ ಮನೆಯ ಹೊರಗಿನವರಾಗಿರಬೇಕು.

ಮೂವರೇ ಯಾಕೆ? ಒಬ್ಬರೇ ಇದ್ದರೆ ಸುಮ್ನೆ ಹಾಜರಿಗೆ, ಮೂವರಾದರೆ ಮಾತಿಗೆ ಬೆಲೆ ಅಂತ ಬೋರ್ಡುಗಳನ್ನು ಅಧ್ಯಯನ ಮಾಡಿದವರು ಹೇಳಿದ್ದಾರೆ. ಮಹಿಳೆಯರು ಹೆಚ್ಚಿರುವ ಬೋರ್ಡುಗಳು ಪರಿಸರದ ಲೆಕ್ಕವನ್ನು ಜಾಸ್ತಿ ಬಿಚ್ಚಿಡುತ್ತವೆ ಅನ್ನುವ ಅಧ್ಯಯನಗಳೂ ಹಲವಿವೆ. ಒಳ್ಳೆಯ ಕಂಪನಿಗಳೇ ಮಹಿಳೆಯರನ್ನು ಕರೆಯುತ್ತವೋ, ಮಹಿಳೆಯರು ಬಂದಿದ್ದಕ್ಕೆ ಕಂಪನಿ ಸುಧಾರಿಸಿತೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ ನಾವು ಈ ನೀರೇ ಕುಡಿಯಬೇಕಾ? ನಾರ್ವೆ 2003ರಲ್ಲೇ ಬೋರ್ಡಿನಲ್ಲಿ ಶೇ 40 ಮಹಿಳೆಯರು ಬೇಕು ಎಂದು ಕಾನೂನು ಮಾಡಿತು, ಪಾಲಿಸದ ಕಂಪನಿಯನ್ನು ಮುಚ್ಚಿಸುತ್ತೇವೆ ಎಂದಿತು. ಕಂಪನಿಗಳು ದಾರಿಗೆ ಬಂದವು. ನಮ್ಮ ಪಂಚಾಯಿತಿಗಳಲ್ಲೂ ಅರ್ಧ ಸೀಟು ಮಹಿಳೆಯರಿಗಿದೆ. ಅಲ್ಲಿ ಗಂಡಂದಿರೇ ಬಂದು ದರ್ಬಾರು ಮಾಡುವುದೂ ಉಂಟು. ಹಾಗಾಗಬಾರದು ಅಂತಲೇ ಮನೆಯ ಹೊರಗಿನವರು ಎನ್ನುತ್ತಿದ್ದೇನೆ.

ದೇಶದ ಬಜೆಟ್ ಮಂಡಿಸುವಾಗ ನಿಮಗೆ ಯಾರೂ ಮನೆಯ ಗಂಡಸರನ್ನು ಕಳಿಸಿ ಅನ್ನಲಿಲ್ಲವಲ್ಲ.

149ಕ್ಕೆ ತಿದ್ದುಪಡಿ ತನ್ನಿ. ಮೂವರು ಮಹಿಳೆಯರು, ಹೊರಗಿನವರು, ಎಲ್ಲ ಲಿಸ್ಟೆಡ್ ಕಂಪನಿಗಳಲ್ಲಿ. ಬಿಆರ್‌ಎಸ್‌ಆರ್ ಕೂಡ 1000ಕ್ಕೆ ನಿಲ್ಲುವುದು ಬೇಡ. ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ಬರೆದು ತಿಳಿಸಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಕಾಮರ್ಸ್ ಉಪನ್ಯಾಸಕಿ