ಸಕುರಾ ಕನ್ನಡದಲ್ಲೂ ಮಾತನಾಡಲಿ

ಮಾನ್ಯರೇ,

ಜಪಾನಿನಲ್ಲಿ 1998ರಿಂದ 2000ದವರೆಗೆ 70 ಕಂತುಗಳಲ್ಲಿ ಪ್ರಸಾರವಾದ ‘ಕಾರ್ಡ್‌ಕ್ಯಾಪ್ಟರ್ ಸಕುರಾ’ ಕಾರ್ಟೂನ್ ಸರಣಿಯ ಮುಂದುವರಿಕೆಯಾಗಿ 2018ರಲ್ಲಿ ಬಂದ ‘ಕ್ಲಿಯರ್ ಕಾರ್ಡ್’ ಅನ್ನು ಈಚೆಗೆ ಮಗಳೊಂದಿಗೆ ಮತ್ತೆ ನೋಡಿದೆ. ಕಥಾನಾಯಕಿ ಸಕುರಾ ಎಂಬ ಹುಡುಗಿಯ ಮಾಯಾ ಕಾರ್ಡುಗಳು ಇದ್ದಕ್ಕಿದ್ದಂತೆ ಪಾರದರ್ಶಕವಾಗುವ ರಹಸ್ಯ 22 ಕಂತುಗಳು ಮುಗಿದರೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ; ಕಥೆಯ ನಡಿಗೆಯೂ ನಿಧಾನ. ಆದರೆ ತಾಯಿಯಿಲ್ಲದ ಆ ಮನೆಯಲ್ಲಿ ತಂದೆ, ಅಣ್ಣ, ತಂಗಿ ಮೂವರೂ ಅಡುಗೆ ಮತ್ತು ಮನೆಗೆಲಸವನ್ನು ಹಂಚಿಕೊಂಡು ಮಾಡುವ ರೀತಿಯನ್ನು, ಎದುರಾದ ಶಕ್ತಿಯನ್ನು ನಾಶಪಡಿಸದೆ ಒಲಿಸಿಕೊಳ್ಳುವ ಹುಡುಗಿಯ ಧೈರ್ಯವನ್ನು ಇಷ್ಟು ಸಹಜವಾಗಿ ತೋರಿಸುವ ಮಕ್ಕಳ ಸರಣಿಗಳು, ನನ್ನ ಅಭಿಪ್ರಾಯದಲ್ಲಿ, ಅಪರೂಪ. ಇಂಗ್ಲಿಷ್ ಅಡಿಬರಹವನ್ನು ಓದಲಾಗದ ನಮ್ಮ ಜಿಲ್ಲೆಯ ಹಳ್ಳಿ ಮಕ್ಕಳಿಗೂ ಇದು ತಲುಪುವಂತೆ, ಮಕ್ಕಳ ವಾಹಿನಿಗಳು ಎರಡೂ ಸರಣಿಗಳನ್ನು ಒಳ್ಳೆಯ ಕನ್ನಡಕ್ಕೆ ಡಬ್ ಮಾಡಿಸಿ ಪ್ರಸಾರ ಮಾಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಹಾಸನ